ಅಲುಗಾಡದೆ ನಿಲ್ಲುವವಳು

ಸೆಪ್ಟೆಂಬರ್ ಕೊನೆಯ ಸೋಮವಾರ ನಮ್ಮ ಮೇಲಧಿಕಾರಿ ಥೆರಿಯೊ ನನ್ನನ್ನು ಕಚೇರಿಗೆ ಕರೆದು ಕುರ್ಚಿ ತೋರಿಸಿದರು. ಅವರು ಯಾರನ್ನಾದರೂ ಕೂರಲು ಹೇಳಿದರೆ ಕೆಟ್ಟ ಸುದ್ದಿ ಇದೆ ಎಂದೇ ಅರ್ಥ.

"ಹೆಲ್ಮಿ, ನವೆಂಬರಿಂದ ನೀನು ಇಲ್ಲೇ ಒಳಗೆ ಕೂತು ನಕ್ಷೆ ನೋಡ್ಕೊ. ಕಾಡಿಗೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ."

"ಯಾಕೆ?"

"ಯಾಕೆ ಅಂತ ನಿಂಗೇ ಗೊತ್ತು. ನಾಳೆ ಏನಾದ್ರೂ ಆದ್ರೆ ನಿಮ್ಮ ದೊಡ್ಡಪ್ಪನ ಮುಖ ನಾನು ಹೇಗೆ ನೋಡಲಿ?"

ನಾನು ಮರಗಳನ್ನು ಅಳೆಯುವವಳು. ಮರ ಕಡಿಯುವ ಕಂಪನಿಗಳಿಗಿಂತ ಮೊದಲು ಕಾಡಿಗೆ ಹೋಗಿ, ಕಾಂಡಕ್ಕೆ ಟೇಪು ಸುತ್ತಿ, ಸುತ್ತಳತೆ ಬರೆದುಕೊಂಡು, ಕಡಿಯಬೇಕಾದ ಮರಕ್ಕೆ ಗುಲಾಬಿ ರಿಬ್ಬನ್ ಕಟ್ಟಿ ಬರುತ್ತೇನೆ. ಅರಣ್ಯಶಾಸ್ತ್ರ ಓದುವಾಗ ಜೊತೆಯವರೆಲ್ಲ ಉದ್ಯಾನ, ಇಲಾಖೆ ಎಂದು ಕನಸು ಕಾಣುತ್ತಿದ್ದರು. ನನಗೆ ಬೇಕಾಗಿದ್ದದ್ದು ದಿನಕ್ಕೆ ಹತ್ತು ಮಾತೂ ಆಡದೆ ಸಂಬಳ ಸಿಗುವ ಕೆಲಸ. ಅದು ಸಿಕ್ಕಿತ್ತು. ಈಗ ಅದನ್ನು ಕಿತ್ತುಕೊಳ್ಳುತ್ತಿದ್ದವನು ಬೂದು ಬಣ್ಣದ ಪಿಕಪ್ ಗಾಡಿಯ ಒಬ್ಬ ಮನುಷ್ಯ.

ಮೊದಲ ಸಲ ಅವನು ಕಾಡುದಾರಿಯಲ್ಲಿ ನನ್ನ ಗಾಡಿಗೆ ಅಡ್ಡ ನಿಲ್ಲಿಸಿ ಮುಕ್ಕಾಲು ಗಂಟೆ ಕೂತಿದ್ದ, ಆಮೇಲೆ ನಗುತ್ತಾ ಹೊರಟುಹೋದ. ಎರಡನೇ ಸಲ ನಾನು ಬೆಳಗಿನಿಂದ ಮರಗಳಿಗೆ ಕಟ್ಟಿಬಂದಿದ್ದ ರಿಬ್ಬನ್‌ಗಳನ್ನೆಲ್ಲ ಬಿಚ್ಚಿ ತಂದು ನನ್ನ ಗಾಡಿಯ ವೈಪರಿಗೆ ಗಂಟು ಹಾಕಿ, ತನ್ನ ಗಾಡಿಯಲ್ಲಿ ಕಾದು ಕೂತಿದ್ದ. ಅಂದರೆ ಅಷ್ಟು ಹೊತ್ತೂ ನನ್ನ ಹಿಂದೆಯೇ ನಡೆದಿದ್ದ. ಮೂರನೇ ಸಲ ನನ್ನ ಹೆಸರು ಹಿಡಿದು ಕರೆದ. ಪೊಲೀಸು ದೂರು ಕೊಟ್ಟಾಗ ಶೆರಿಫ್ ಕಚೇರಿಯ ಡೆಪ್ಯುಟಿ ಎಲ್ಲವನ್ನೂ ಬರೆದುಕೊಂಡು, ದಾರಿ ಸಾರ್ವಜನಿಕರದ್ದು, ರಿಬ್ಬನ್ ಅವನೇ ಕಟ್ಟಿದ್ದಕ್ಕೆ ಸಾಕ್ಷಿ ಇಲ್ಲ, ಗಾಡಿಯ ನಂಬರು ಸಿಕ್ಕಿದರೆ ತಿಳಿಸಿ ಎಂದ. ನಂಬರು ನೋಡುವ ಧೈರ್ಯ ನನಗೆ ಮೂರು ಸಲವೂ ಬಂದಿರಲಿಲ್ಲ.

"ಅಕ್ಟೋಬರ್ ಮುಗಿಯೋವರೆಗೂ ಟೈಮ್ ಕೊಡಿ," ಎಂದೆ. "ಪಿಸ್ತೂಲು ಕಲಿತೀನಿ."

ಥೆರಿಯೊ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಿಂಗೆ ಕಲಿಸೋರು ಯಾರಿದ್ದಾರೆ ಈ ಕೌಂಟಿಲಿ?"

ಮನೆಯಲ್ಲೂ ಅದೇ ಪ್ರಶ್ನೆ. ಶನಿವಾರ ಸಂಜೆ ಸೌನಾ ಹಬೆಕೋಣೆಯ ಬಿಸಿಯಿಂದ ಕೆಂಪಗಾಗಿ ಹೊರಬಂದ ರೆಯ್ನೊ ದೊಡ್ಡಪ್ಪ ಅಡುಗೆಮನೆ ಮೇಜಿನ ಮುಂದೆ ಕೂತು ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನನಗೆ ಬಂದೂಕು ಹಿಡಿಯಲು ಕಲಿಸಿದವರು ಅವರೇ. ಹನ್ನೆರಡನೇ ವರ್ಷದಲ್ಲಿ, ನವೆಂಬರಿನ ಮೊದಲ ಬೇಟೆಯಲ್ಲೇ ನಾನು ಒಂದೇ ಗುಂಡಿಗೆ ಜಿಂಕೆ ಕೆಡವಿದ್ದನ್ನು ಅವರು ಈಗಲೂ ಬೇಟೆಯ ಗುಡಿಸಲಿನಲ್ಲಿ ಹೊಸಬರಿಗೆಲ್ಲ ಹೇಳುತ್ತಾರೆ.

"ಹನ್ನೊಂದು ಜಿಂಕೆ ಹೊಡ್ದಿದೀಯ. ಒಂದಾದ್ರೂ ಗಾಯ ಮಾಡ್ಕೊಂಡು ಓಡಿಹೋಯ್ತಾ? ಇಲ್ಲ. ಇನ್ನೇನು ಕ್ಲಾಸು? ಮೀನಿಗೆ ಈಜೋ ಕ್ಲಾಸಾ?"

"ಪಿಸ್ತೂಲಿನ ಪರವಾನಗಿಗೆ ಸರ್ಟಿಫಿಕೇಟ್ ಬೇಕು ದೊಡ್ಡಪ್ಪ."

"ಹಾಗಾದ್ರೆ ಕ್ಯಾಲ್ಕಿನ್ಸ್ ಹತ್ರ ಹೋಗು. ಮಧ್ಯಾಹ್ನದ ಊಟದೊಳಗೆ ಕೈಗೆ ಕಾಗದ ಕೊಟ್ಟು ಕಳಿಸ್ತಾನೆ. ಒಳ್ಳೆ ಹುಡುಗ."

ಒಳ್ಳೆ ಹುಡುಗನಿಗೆ ನಲವತ್ತೈದು ವರ್ಷ. ಪೇಟೆಯಲ್ಲಿ ಅವನದ್ದು ಬಂದೂಕಿನ ಅಂಗಡಿ, ಹಿಂದುಗಡೆ ಗುಂಡು ಹಾರಿಸುವ ಉದ್ದನೆಯ ಕೋಣೆ. ಗುರುವಾರಗಳಂದು ಯಾರು ಬೇಕಾದರೂ ಹೋಗಿ ಕ್ಲಾಸು ಹೇಗಿರುತ್ತದೆಂದು ನೋಡಬಹುದಿತ್ತು. ನಾನು ಹೋದೆ. ಕ್ಯಾಲ್ಕಿನ್ಸ್ ನನ್ನ ಕೈಗೆ ಪಿಸ್ತೂಲು ಕೊಟ್ಟು, ಹಿಡಿಯುವ ರೀತಿ ತಿದ್ದಿ, ಕಾಗದದ ಗುರಿ ತೋರಿಸಿದ. ಉಸಿರು ಬಿಟ್ಟು, ಪೂರ್ತಿ ಬಿಡುವ ಮೊದಲೇ ನಿಲ್ಲಿಸಿ ಐದು ಗುಂಡು ಹಾರಿಸಿದೆ. ಐದೂ ಒಂದು ಕಾಫಿ ಲೋಟದ ಬಾಯಿಯಷ್ಟರೊಳಗೆ ಬಿದ್ದಿದ್ದವು.

"ಇದು ನೋಡ್ರಪ್ಪಾ," ಎಂದು ಅವನು ಕಾಗದ ಕಿತ್ತು ಎಲ್ಲರಿಗೂ ತೋರಿಸಿದ. "ಇವಳಿಗೆ ನಾನು ಕಲಿಸೋದಲ್ಲ, ನನಗೇ ಇವಳು ಕಲಿಸಬೇಕು."

ಎಲ್ಲರೂ ನನ್ನನ್ನು ನೋಡಿದರು. ಕಿವಿ ಸುಟ್ಟಂತಾಯಿತು. ಆದರೂ ಒಳಗೆ ಸ್ವಲ್ಪ ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಎಲ್ಲರೂ ಹೋಗುವವರೆಗೆ ಕಾದು, ಅವನು ಖಾಲಿ ತೋಟಾಗಳನ್ನು ಗುಡಿಸುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ.

"ಕಾಡಲ್ಲಿ ಒಬ್ಬ ಮಾತಾಡ್ತಾ ಮಾತಾಡ್ತಾ ಹತ್ತಿರ ಬರ್ತಾನೆ. ಕೈಲಿ ಏನೂ ಇಲ್ಲ. ನಗ್ತಾ ಇದಾನೆ. ಆಗ ಏನು ಮಾಡಬೇಕು?"

"ನೀನು ಹೀಗೆ ಹೊಡೆಯೋಳು ಅಂದ್ರೆ ಅವನು ಹತ್ರ ಬರೋ ಧೈರ್ಯ ಮಾಡ್ತಾನಾ?"

"ನಾನು ಹೇಗೆ ಹೊಡೀತೀನಿ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?"

ಕ್ಯಾಲ್ಕಿನ್ಸ್ ಪೊರಕೆ ನಿಲ್ಲಿಸಿ ನಕ್ಕ. ತಮಾಷೆ ಅಂದುಕೊಂಡನೋ ಏನೋ. "ಶನಿವಾರ ಬಾ. ಹನ್ನೆರಡಕ್ಕೆ ಸರ್ಟಿಫಿಕೇಟ್ ಗ್ಯಾರಂಟಿ," ಎಂದ.

ಮನೆಗೆ ಗಾಡಿ ಓಡಿಸುತ್ತಾ ಯೋಚಿಸಿದೆ. ನನಗೆ ಈಗಾಗಲೇ ಬರುವುದಕ್ಕೆ ಅವನು ಕಾಗದ ಕೊಡುತ್ತಾನೆ. ಬಾರದಿರುವುದು ಬಾರದೇ ಉಳಿಯುತ್ತದೆ.

ಗ್ರಂಥಾಲಯದ ಗೋಡೆಯ ಮೇಲೆ ಇನ್ನೊಂದು ಪಿಸ್ತೂಲು ಕ್ಲಾಸಿನ ಚೀಟಿ ನೋಡಿದ ನೆನಪಿತ್ತು. ನೋರೀನ್ ಬೆಲ್ಯಾಂಜೆ ಎಂಬ ಹೆಸರು, ಜೈಲಿನಲ್ಲಿ ಇಪ್ಪತ್ತಾರು ವರ್ಷ ಕಾವಲು ಕೆಲಸ ಮಾಡಿ ನಿವೃತ್ತಿಯಾದವರು, ಎರಡು ಪೂರ್ತಿ ದಿನ, ಮೊದಲ ದಿನ ಗುಂಡು ಇಲ್ಲ. ಫೋನ್ ಮಾಡುವುದಕ್ಕೆ ನನಗೆ ಒಂದು ದಿನ ಪೂರ್ತಿ ಹಿಡಿಯಿತು.

"ಕೇಳಿಸ್ತಿಲ್ಲ," ಎಂದಿತು ಆ ಕಡೆಯ ಗಡಸು ದನಿ. ನಾನು ಮತ್ತೆ ಹೇಳಿದೆ. "ಈಗಲೂ ಕೇಳಿಸ್ತಿಲ್ಲ. ಎಲ್ಲಿಂದ ಮಾತಾಡ್ತಿದೀಯ, ಬಾವಿಯಿಂದನಾ?"

ಮೂರನೇ ಸಲಕ್ಕೆ ನನ್ನ ಹೆಸರು ಅವರಿಗೆ ತಲುಪಿತು. ಯಾಕೆ ಕಲಿಯಬೇಕು ಎಂದು ಕೇಳಿದರು. ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ.

"ಬಂದೂಕು ಮುಟ್ಟಿದೀಯ?"

"ಹನ್ನೆರಡು ವರ್ಷದಿಂದ ಜಿಂಕೆ ಬೇಟೆ ಆಡ್ತೀನಿ."

"ಅಯ್ಯೋ," ಎಂದರು, ನಿಜವಾದ ಬೇಸರದಿಂದ. "ಹಾಗಾದ್ರೆ ನಿನಗೆ ಕಲಿಸೋದಕ್ಕಿಂತ ಬಿಡಿಸೋದೇ ಜಾಸ್ತಿ. ಬೇಟೆಯೋರು ಬಂದ್ರೆ ನನಗೆ ತಲೆನೋವು. ನಾಳಿದ್ದು ಏಳಕ್ಕೆ ಬಾ. ಮೊದಲನೇ ದಿನ ಕಿರುಚಬೇಕಾಗುತ್ತೆ, ಹೇಳಿರ್ತೀನಿ."

"ಕಿರುಚೋದು ಕಡ್ಡಾಯನಾ?"

"ಅದಿಲ್ಲದೆ ಎರಡನೇ ದಿನ ಇಲ್ಲ."

ಆ ರಾತ್ರಿ ನನ್ನ ಡೈರಿಯ ಪುಟದಲ್ಲಿ ಎರಡು ಕ್ಲಾಸುಗಳ ಹೆಸರನ್ನೂ ಬರೆದೆ. ಒಂದಕ್ಕೆ ಹೋಗಲು ಒಂದಿಷ್ಟೂ ಹೆದರಿಕೆ ಇರಲಿಲ್ಲ. ಇನ್ನೊಂದನ್ನು ನೆನೆದರೆ ಮತ್ತೆ ಫೋನ್ ಮಾಡಿ ಬರುವುದಿಲ್ಲ ಎನ್ನಬೇಕೆನಿಸುತ್ತಿತ್ತು. ಬೂದು ಪಿಕಪ್ಪಿನ ಮುಂದೆ ನಿಂತಾಗ ಆಗುತ್ತಿದ್ದದ್ದೂ ಇದೇ ಹೆದರಿಕೆ. ಕ್ಯಾಲ್ಕಿನ್ಸ್‌ನ ಹೆಸರಿನ ಮೇಲೆ ಗೆರೆ ಎಳೆದೆ.

ದೊಡ್ಡಪ್ಪನಿಗೆ ಹೇಳಿದಾಗ ಅವರು ಚಾಕು ಮಸೆಯುವುದನ್ನು ನಿಲ್ಲಿಸಿದರು. "ನೋರೀನಾ? ಅವಳು ನೆಟ್ಟಗೆ ಒಂದು ಮೊಲಾನೂ ಹೊಡ್ದಿಲ್ಲ."

"ಮೊಲದ ವಿಷಯ ಅಲ್ಲ ದೊಡ್ಡಪ್ಪ."

"ಮತ್ತೆ? ನಾನು ಕಲ್ಸಿದ್ದು ಸಾಲ್ದಾ?"

ಇದಕ್ಕೆ ಏನು ಹೇಳಿದರೂ ಅವರಿಗೆ ನೋವು. ಸುಮ್ಮನಿರುವುದು ನನಗೆ ಸುಲಭ, ಎಲ್ಲದಕ್ಕೂ ನಾನು ಮಾಡುವುದು ಅದನ್ನೇ. ಆ ಸಲ ಸುಮ್ಮನಿರಲಿಲ್ಲ. "ನೀವು ಕಲಿಸಿದ್ದು ಜಿಂಕೆಗೆ ಸಾಕು," ಎಂದೆ. ಅವರು ಮತ್ತೆ ಚಾಕು ಮಸೆಯತೊಡಗಿದರು, ಸ್ವಲ್ಪ ಜೋರಾಗಿಯೇ.

ನೋರೀನ್ ಅವರ ಕ್ಲಾಸು ಹಳೆಯ ಜಲ್ಲಿಕಲ್ಲಿನ ಹೊಂಡದಲ್ಲಿ ನಡೆಯುತ್ತಿತ್ತು. ನಾವು ಆರು ಜನ. ಕೈಗೆ ನೀಲಿ ಪ್ಲಾಸ್ಟಿಕ್ಕಿನ ಆಟದ ಪಿಸ್ತೂಲು ಕೊಟ್ಟು, ಅದನ್ನು ಒರೆಯಲ್ಲೇ ಇಟ್ಟುಕೊಂಡಿರಿ, ಮುಟ್ಟಬೇಡಿ ಎಂದರು. ಆಮೇಲೆ ಒಬ್ಬೊಬ್ಬರನ್ನೇ ಹೊಂಡದ ನಡುವೆ ನಿಲ್ಲಿಸಿ, ತಾವು ಅಪರಿಚಿತನಾಗಿ ನಡೆದು ಬಂದರು. ಕುಳ್ಳಗೆ, ದಪ್ಪಗೆ, ಮಂಡಿ ನೋವಿಗೆ ಕುಂಟುತ್ತಾ ಬರುವ ಅರವತ್ತರ ಹೆಂಗಸು. ಆದರೂ ಮುಖ ಬದಲಾಯಿಸಿಕೊಂಡು, "ಏನಮ್ಮಾ, ಒಬ್ಬಳೇನಾ?" ಎಂದು ಹೆಜ್ಜೆ ಹಾಕಿದಾಗ ನನಗೆ ಬೆನ್ನು ತಣ್ಣಗಾಯಿತು.

ಪಕ್ಕದಲ್ಲಿ ಎಣ್ಣೆಯ ಡ್ರಮ್ಮು ಇತ್ತು. ನಾನು ಅದಕ್ಕೆ ಒತ್ತಿಕೊಂಡು ನಿಂತೆ. ಕಣ್ಣು ಕೆಳಗಿಳಿಸಿದೆ. ಉಸಿರು ತಡೆದೆ. ಬೆರಳೂ ಅಲುಗಾಡಿಸಲಿಲ್ಲ. ನೋರೀನ್ ನೇರ ಬಂದು ನನ್ನ ಹಣೆಗೆ ಒಂದು ಬೆರಳು ಕುಟ್ಟಿದರು.

"ಯಾಕೆ ನಿಂತೆ?"

"ಅಲುಗಾಡದಿದ್ರೆ ಕಾಣಲ್ಲ ಅಂತ."

ಐದು ಜನವೂ ನಕ್ಕರು. ಅವರಲ್ಲಿ ಬೇಟೆಯವನೊಬ್ಬ ಮಾತ್ರ ಅರ್ಧಕ್ಕೇ ನಗು ನಿಲ್ಲಿಸಿ ತನ್ನ ಬೂಟು ನೋಡಿಕೊಂಡ.

"ನಾನು ಜಿಂಕೆ ಅಲ್ಲ ಕಣಮ್ಮ," ಎಂದರು ನೋರೀನ್. "ಜಿಂಕೆಗೆ ನೀನಿರೋದು ಗೊತ್ತಿರಲ್ಲ. ಇವನು ನೀನಿದೀಯ ಅಂತಲೇ ಬಂದಿರೋನು. ನೀನು ಮರ ಆದಷ್ಟೂ ಅವನಿಗೆ ಅನುಕೂಲ."

ಬೂದು ಪಿಕಪ್ಪಿನವನೊಂದಿಗಿನ ಮೂರೂ ಭೇಟಿಗಳು ಒಂದರ ಹಿಂದೊಂದು ಕಣ್ಣಮುಂದೆ ಬಂದವು. ಮೂರು ಸಲವೂ ನಾನು ಇದನ್ನೇ ಮಾಡಿದ್ದೆ. ಹೆದರಿ ಮರಗಟ್ಟಿದೆ ಅಂದುಕೊಂಡು ನನ್ನನ್ನೇ ಬೈದುಕೊಂಡಿದ್ದೆ. ಅದು ಬರಿಯ ಹೆದರಿಕೆಯಾಗಿರಲಿಲ್ಲ. ಹನ್ನೆರಡು ಚಳಿಗಾಲ ಹಿಮದಲ್ಲಿ ಕೂತು, ಮೂಗಿನ ತುದಿ ತುರಿಸಿದರೂ ಕೈ ಎತ್ತದೆ ಕಲಿತ ವಿದ್ಯೆ. ನನ್ನ ಮೈ ತನಗೆ ಗೊತ್ತಿದ್ದದ್ದರಲ್ಲಿ ಅತ್ಯುತ್ತಮವಾದದ್ದನ್ನೇ ಮಾಡಿತ್ತು.

"ಮತ್ತೆ," ಎಂದರು ನೋರೀನ್. "ಈ ಸಲ ಕಾಲು ಆಡಿಸು. ನನ್ನ ನಿನ್ನ ನಡುವೆ ಡ್ರಮ್ಮು ಬರಬೇಕು. ಕಣ್ಣು ನನ್ನ ಮೇಲೆ. ಬಾಯಿ ಬಿಡು."

ಕಾಲು ಆಡಿತು. ಬಾಯಿ ಬಿಟ್ಟೆ. "ದಯವಿಟ್ಟು ನಿಲ್ಲಿ," ಎಂದಿತು ಇಲಿಯಂಥ ದನಿ.

"ದಯವಿಟ್ಟು ಅಂತೆ," ಎಂದರು ನೋರೀನ್. "ನಾನೇನು ನಿಮ್ಮನೆಗೆ ಕಾಫಿಗೆ ಬಂದಿದೀನಾ? ಮತ್ತೆ."

ಮತ್ತೆ, ಮತ್ತೆ. ಉಳಿದವರೆಲ್ಲ ಒಂದೆರಡು ಸಲಕ್ಕೆ ಮುಗಿಸಿ ಊಟದ ಡಬ್ಬಿ ತೆರೆದಿದ್ದರು. ಒಂಬತ್ತನೇ ಸಲ ಕಣ್ಣಲ್ಲಿ ನೀರು ಬಂತು. ನೋರೀನ್ ಅದನ್ನು ನೋಡಿಯೂ ನೋಡದಂತೆ ವಾಪಸ್ಸು ನಡೆದುಹೋಗಿ ಮೊದಲಿನ ಜಾಗದಿಂದ ಕುಂಟುತ್ತಾ ಹೊರಟರು. ಹದಿನಾಲ್ಕನೇ ಸಲ ನನ್ನೊಳಗಿಂದ ಬಂದ "ಅಲ್ಲೇ ನಿಲ್ಲು" ಎಂಬುದು ಹೊಂಡದ ಗೋಡೆಗೆ ಬಡಿದು ವಾಪಸ್ಸು ಬಂತು. ಅದು ನನ್ನದೆಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

"ಹಾಂ," ಎಂದರು ನೋರೀನ್. "ಈಗ ಊಟ ಮಾಡು."

ಎರಡನೇ ದಿನ ನಿಜವಾದ ಗುಂಡು. ಅಲ್ಲೂ ನನ್ನ ಬೇಟೆ ಅಡ್ಡ ಬಂತು. ಗುಂಡು ಹಾರಿಸಿ, ಕೈ ಇಳಿಸಿ, ಗುರಿಯನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ. ಹೊಡೆದ ಜಿಂಕೆಯ ಹತ್ತಿರ ತಕ್ಷಣ ಹೋಗಬಾರದು, ಅರ್ಧ ಗಂಟೆ ಕಾಯಬೇಕು ಎನ್ನುವುದು ನಮ್ಮ ಗುಡಿಸಲಿನ ನಿಯಮ. "ಯಾರಿಗೆ ಕಾಯ್ತಿದೀಯ, ಬಸ್ಸಿಗಾ?" ಎಂದು ನೋರೀನ್ ಕಿವಿಯ ಹತ್ತಿರ ಕೇಳುತ್ತಿದ್ದರು. "ಸುತ್ತ ನೋಡು. ದೂರ ಹೋಗು. ಫೋನ್ ಮಾಡು. ಒರೆಯಿಂದ ತೆಗೀದೇ ಮನೆಗೆ ಹೋದೆ ಅಂದ್ರೆ ಅದೇ ಗೆದ್ದ ಹಾಗೆ, ತಿಳೀತಾ?"

ಸರ್ಟಿಫಿಕೇಟು ಸಿಕ್ಕಿತು. ಪರವಾನಗಿಗೆ ಅರ್ಜಿ ಹಾಕಿದೆ. ಅದು ಬರಲು ವಾರಗಳೇ ಹಿಡಿಯುತ್ತವೆ. ಪಿಸ್ತೂಲನ್ನೂ ಇನ್ನೂ ಕೊಂಡಿರಲಿಲ್ಲ. ಅಕ್ಟೋಬರ್ ಇಪ್ಪತ್ತೆರಡರ ಮಧ್ಯಾಹ್ನ ನಾನು ಮೇಪಲ್ ಮರಗಳ ನಡುವಿನಿಂದ ಗಾಡಿಯ ಹತ್ತಿರ ಬಂದಾಗ ಸೊಂಟದಲ್ಲಿದ್ದದ್ದು ಅಳತೆಯ ಟೇಪು ಮಾತ್ರ.

ಬೂದು ಪಿಕಪ್ ಅಡ್ಡ ನಿಂತಿತ್ತು. ಅವನು ಈ ಸಲ ಕೆಳಗಿಳಿದಿದ್ದ.

"ಹೆಲ್ಮಿ ಕೊಸ್ಕೆಲಾ," ಎಂದು ರಾಗವಾಗಿ ಕರೆದ. "ಒಬ್ಬಳೇ ಕಾಡಲ್ಲಿ ಬೇಜಾರಾಗಲ್ವಾ?"

ಮೈ ತನ್ನ ಹಳೆಯ ಕೆಲಸಕ್ಕೆ ಇಳಿಯುತ್ತಿರುವುದು ಗೊತ್ತಾಯಿತು. ಉಸಿರು ನಿಲ್ಲುತ್ತಿತ್ತು. ಕಣ್ಣು ಕೆಳಗಿಳಿಯುತ್ತಿತ್ತು. ನಾನು ಎಡಗಾಲು ಎತ್ತಿ ಇಟ್ಟೆ, ಮತ್ತೆ ಬಲಗಾಲು, ನನ್ನ ಗಾಡಿಯ ಮೂತಿ ನಮ್ಮ ನಡುವೆ ಬರುವವರೆಗೆ. ಅವನ ಮುಖ ನೋಡಿದೆ. ಗಡ್ಡದಲ್ಲಿ ಬ್ರೆಡ್ಡಿನ ಪುಡಿ ಇತ್ತು.

"ಅಲ್ಲೇ ನಿಲ್ಲು. ಹತ್ತಿರ ಬರಬೇಡ."

ಎಲ್ಲೋ ಮೇಲೆ ಕಾಗೆ ಎದ್ದು ಹಾರಿತು. ಅವನು ನಿಂತ.

"ಅಯ್ಯೋ, ಮಾತಾಡಿಸಿದ್ರೆ ತಪ್ಪಾ? ಏನು ಜನಾನೋ."

"ಹಿಂದೆ ಹೋಗು. ಗಾಡಿ ತೆಗಿ." ಫೋನ್ ಎತ್ತಿ ಹಿಡಿದು ಅವನ ಮುಖವನ್ನೂ ನಂಬರನ್ನೂ ಚಿತ್ರ ತೆಗೆದುಕೊಂಡೆ. ನಂಬರನ್ನು ಗಟ್ಟಿಯಾಗಿ ಓದಿದೆ, ಅಕ್ಷರ ಅಕ್ಷರ ಬಿಡಿಸಿ. ಅವನ ನಗು ಮುಖದ ಮೇಲೆ ಉಳಿದಿತ್ತು, ಆದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಏನೋ ಕೆಟ್ಟ ಮಾತು ಗೊಣಗಿ ಗಾಡಿ ಹತ್ತಿದ. ಧೂಳು ಇಳಿಯುವವರೆಗೆ ನಾನು ನಿಂತು ನೋಡಲಿಲ್ಲ. ಬೇರೆ ದಾರಿಯಲ್ಲಿ ದಿಬ್ಬದ ಮೇಲೆ ಹೋಗಿ, ಸಿಗ್ನಲ್ ಬಂದೊಡನೆ ಡೆಪ್ಯುಟಿಗೆ ಚಿತ್ರ ಕಳಿಸಿದೆ.

"ಈ ನಂಬರು ನಮಗೆ ಹಳೇ ಪರಿಚಯ," ಎಂದ ಡೆಪ್ಯುಟಿ, ಈ ಸಲ ಬೇರೆಯದೇ ದನಿಯಲ್ಲಿ. "ಈಗಲೇ ಅವನ ಮನೆಗೆ ಹೋಗ್ತೀನಿ."

ಆಮೇಲೆ ಥೆರಿಯೊಗೆ ಫೋನ್ ಮಾಡಿದೆ.

"ಮೊದಲು ವಾಪಸ್ ಬಾ," ಎಂದರು. "ಆ ಜಾಗ ಸಾಕು."

"ಇನ್ನೂ ನಲವತ್ತು ಎಕರೆ ಉಳಿದಿದೆ."

"ಉಳೀಲಿ ಬಿಡು."

"ಇಲ್ಲ," ಎಂದೆ. ಅವರ ಹತ್ತಿರ ಹಾಗೆ ಹೇಳಿದ್ದು ಅದೇ ಮೊದಲು. "ನಾನು ಒಳಗೆ ಕೂರಲ್ಲ, ಥೆರಿಯೊ. ಗಂಟೆಗೊಂದು ಸಲ ದಿಬ್ಬಕ್ಕೆ ಬಂದು ಫೋನ್ ಮಾಡ್ತೀನಿ. ನವೆಂಬರಲ್ಲೂ ನಾನೇ ಬರ್ತೀನಿ."

"ಅಷ್ಟು ಜೋರಾಗಿ ಹೇಳ್ಬೇಡ, ಕೇಳಿಸುತ್ತೆ," ಎಂದರು. ಅರ್ಧ ಗಂಟೆಯಲ್ಲಿ ತಮ್ಮ ಗಾಡಿ ತಂದು ದಾರಿಯ ಬಾಯಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ಇಳಿಸಿ ಅದರ ಮೇಲೆ ಕೂತು ಮಾಂಸ ತುಂಬಿದ ಪೇಸ್ಟಿ ಕಡುಬು ತಿನ್ನತೊಡಗಿದರು. ಈ ಕಾವಲು ಇವತ್ತೊಂದು ದಿನ ಮಾತ್ರ ಎಂದರು. ಸರಿ ಎಂದೆ.

ಒಳಗೆ ಹೋಗಿ ಮೊದಲ ಮೇಪಲ್ಲಿಗೆ ಟೇಪು ಸುತ್ತಿದೆ. ಟೇಪಿನ ತುದಿಯ ಕೊಕ್ಕೆ ಎರಡು ಸಲ ತೊಗಟೆಯಿಂದ ಜಾರಿತು. ಒಂದೇ ಮರಕ್ಕೆ ಮೂರು ಬೇರೆ ಬೇರೆ ಅಳತೆ ಬಂದವು. ಮೂರನೆಯದನ್ನು ಬರೆದುಕೊಂಡು ಮುಂದಿನ ಮರಕ್ಕೆ ಹೋದೆ.