ಕಾಪುವಿನಲ್ಲಿ ಅತ್ತ ಹೆಂಗಸು

ಉಡುಪಿಯಲ್ಲಿ ತಿಂಗಳಿಗೊಂದು ಭಾನುವಾರ ‘ತೆರೆಯ ಮುಂದೆ’ ಎಂಬ ಕಾರ್ಯಕ್ರಮ ನಡೆಯುತ್ತಿತ್ತು. ಬೆಳಿಗ್ಗೆ ಒಂದು ಕನ್ನಡ ಚಿತ್ರ. ಊಟ ಮುಗಿಸಿ ಬಂದರೆ ಅದೇ ಸಭಾಂಗಣದ ವೇದಿಕೆಯ ಮೇಲೆ ಆ ಚಿತ್ರದ ನಿರ್ದೇಶಕರು, ನಟರು. ಸಭಿಕರು ಏನು ಬೇಕಾದರೂ ಕೇಳಬಹುದು, ಮೇಲೆ ಕುಳಿತವರು ಅಲ್ಲಿಯೇ ಬಾಯಿ ಬಿಡಬೇಕು. ಇಂಗ್ಲಿಷ್ ಉಪನ್ಯಾಸಕ ಸರ್ವೋತ್ತಮ ಪೈ ಇದನ್ನು ನಡೆಸುತ್ತಿದ್ದರು. ಮಣಿಪಾಲದ ವಿದ್ಯಾರ್ಥಿಗಳು, ಬ್ಯಾಂಕಿನವರು, ವಕೀಲರು, ರೇಷ್ಮೆ ಸೀರೆಯ ಹೆಂಗಸರು ಎಲ್ಲರೂ ಬರುತ್ತಿದ್ದರು. ದೊಡ್ಡ ದೊಡ್ಡ ನಟರು ಇಲ್ಲಿ ಬೆವತು ಹೋದದ್ದುಂಟು. ಜನ ಬರುತ್ತಿದ್ದದ್ದು ಅದನ್ನು ನೋಡಲಿಕ್ಕೇ.

ಎಂಬತ್ತೆರಡರ ಫೆಬ್ರವರಿಯಲ್ಲಿ ಆ ವೇದಿಕೆಗೆ ಕುಶಲಾಳನ್ನು ಕರೆದರು. ಅವಳು ಕಾಪುವಿನವಳು, ಮೀನುಗಾರ ಅಣ್ಣ ಭುಜಂಗನ ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಇದ್ದವಳು. ಐದು ವರ್ಷದ ಹಿಂದೆ ಒಂದೇ ಒಂದು ಚಿತ್ರದಲ್ಲಿ ನಟಿಸಿದ್ದಳು. ಅದಕ್ಕೆ ಪ್ರಶಸ್ತಿ ಬಂತು, ಪತ್ರಿಕೆಗಳಲ್ಲಿ ಅವಳ ಮುಖ ಬಂತು, ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಸಿನೆಮಾದವಳು ಎಂದು ಮದುವೆಯ ಮಾತೂ ನಿಂತುಹೋಯಿತು. ಚಿತ್ರದ ನಿರ್ದೇಶಕ ಕಾರ್ಕಳದ ಧರ್ಮಪಾಲ ಆ ಹೊತ್ತಿಗೆ ಬೆಂಗಳೂರು, ಮದ್ರಾಸು ಎಂದು ಓಡಾಡುವ ದೊಡ್ಡ ಹೆಸರು.

ಆ ಚಿತ್ರದಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಒಂದೇ ದೃಶ್ಯ. ಮೀನುಗಾರನ ತಂಗಿ, ದೋಣಿ ಮುಳುಗಿತೆಂದು ಕೇಳಿ ಕಾಪುವಿನ ಕಡಲ ಕರೆಯಲ್ಲಿ ಅಳುತ್ತಾಳೆ. ಅಳುತ್ತಾಳೆ ಎಂದರೆ ಸಾಲದು. ಮರಳಿನ ಮೇಲೆ ಮೊಣಕೈಯೂರಿ ಪ್ರಾಣಿಯ ಹಾಗೆ ಹರಿದಾಡುತ್ತಾಳೆ, ಬಾಯಲ್ಲಿ ಮರಳು ತುಂಬಿಕೊಂಡರೂ ಗೊತ್ತಾಗುವುದಿಲ್ಲ.

ಅದು ನಟನೆಯಾಗಿರಲಿಲ್ಲ. ಅದು ಕುಶಲಾಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ದಿನ ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿಕೊಟ್ಟರೂ ಅವಳಿಗೆ ಅಳು ಬಂದಿರಲಿಲ್ಲ. ಊಟದ ಹೊತ್ತಿಗೆ, ಕಡಲ ಕರೆಯ ಪಕ್ಕದಲ್ಲಿ ಬೀಡಿ ಸೋಡಾ ಮಾರುತ್ತಿದ್ದ ಬ್ಯಾರಿ ಮುಸಲ್ಮಾನ ಪುತ್ತುಬ್ಬ ಏದುಸಿರು ಬಿಡುತ್ತ ಓಡಿ ಬಂದು, “ಕುಶಲಾ, ಭುಜಂಗನ ಬೋಟು ಮಗುಚಿತಂತೆ, ಮಲ್ಪೆಯಿಂದ ಫೋನು ಬಂದಿದೆಯಂತೆ” ಎಂದ. ಅವಳು ಬಿದ್ದಳು. ಕ್ಯಾಮೆರಾ ಓಡುತ್ತಲೇ ಇತ್ತು. ಅದನ್ನು ಅವಳು ಆಗ ಗಮನಿಸಲಿಲ್ಲ.

ಪುತ್ತುಬ್ಬ ಅಷ್ಟಕ್ಕೇ ನಿಲ್ಲಲಿಲ್ಲ. ಭುಜಂಗ ಅವನ ಸ್ನೇಹಿತ. ಸೈಕಲ್ ಹತ್ತಿ ಮನೆಗೆ ಹೋಗಿ ಅಳುತ್ತಲೇ ಅವಳ ತಾಯಿಗೂ ಸುದ್ದಿ ಮುಟ್ಟಿಸಿದ. ತಾಯಿ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದವರು ಮತ್ತೆ ಮಾತಾಡಲಿಲ್ಲ. ಸಂಜೆ ಭುಜಂಗ ಬುಟ್ಟಿಯಲ್ಲಿ ಮೀನು ಹಿಡಿದುಕೊಂಡು ಮನೆಗೆ ಬಂದ. ಮಗ ಎದುರಿಗೆ ನಿಂತು ಕರೆದರೂ ತಾಯಿಗೆ ಗುರುತು ಹತ್ತಲಿಲ್ಲ. ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

“ನನಗೆ ಸಿನೆಮಾದ ಮ್ಯಾನೇಜರು ಹೇಳಿದ್ದು, ಹೋಗಿ ತಿಳಿಸು ಅಂತ ಅವರೇ ಕಳಿಸಿದ್ದು” ಎಂದು ಪುತ್ತುಬ್ಬ ಬಡಕೊಂಡ. ಮ್ಯಾನೇಜರು ಇಲ್ಲವೆಂದ. ಧರ್ಮಪಾಲ ಅಲ್ಲಿಯೇ ನಿಂತಿದ್ದ. “ಪಾಪ, ಅವನಿಗೆ ಯಾರೋ ತಪ್ಪು ಹೇಳಿರಬೇಕು, ಬಿಡಿ” ಎಂದ. ಕುಶಲಾ ಪುತ್ತುಬ್ಬನ ಮುಖಕ್ಕೆ ಉಗಿದಳು. ಭುಜಂಗ ಅವನ ಬಲಗೈ ಮುರಿದ. ಆಮೇಲೆ ಅವನ ಅಂಗಡಿಗೆ ಒಬ್ಬರೂ ಹೋಗಲಿಲ್ಲ. ಕೊನೆಗೆ ಆ ಬ್ಯಾರಿ ಹೆಂಡತಿ ಆಯಿಶಮ್ಮನನ್ನು ಊರಲ್ಲಿ ಬಿಟ್ಟು ಸೌದಿಯ ದಮ್ಮಾಮಿಗೆ ಹೋದ, ತಿರುಗಿ ಬರಲಿಲ್ಲ.

ಇದೆಲ್ಲ ಆದ ಮೇಲೆಯೂ ಕುಶಲಾ ಧರ್ಮಪಾಲನ ಬಗ್ಗೆ ಕೆಟ್ಟದ್ದು ಯೋಚಿಸಿರಲಿಲ್ಲ. ತಾಯಿಯ ಉತ್ತರಕ್ರಿಯೆಯ ಬೊಜ್ಜಕ್ಕೆ ಅವನು ಬಂದು ಕೈಮುಗಿದು ಹೋಗಿದ್ದ.

ಆ ಭಾನುವಾರ ಮಧ್ಯಾಹ್ನ ಅವಳಿಗೆ ಶಾಲು ಹೊದೆಸಿದರು. ಧರ್ಮಪಾಲನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅವನು ಖುಷಿಯಲ್ಲಿದ್ದ. ಹೆಂಡತಿ ಮನೋರಮಾ, ಏಳು ವರ್ಷದ ಮಗಳು ಇಬ್ಬರೂ ಬಜಗೋಳಿಯಲ್ಲಿ ಹೆಂಡತಿಯ ತವರಿನಲ್ಲಿದ್ದಾರೆ, ಮಗಳು ಇಡೀ ದಿನ ರಸ್ತೆಯಲ್ಲೇ ಸೈಕಲ್ ಕಲಿಯುತ್ತಾಳೆ ಎಂದು ಊಟದ ಹೊತ್ತಿನಲ್ಲಿ ಹೇಳಿದ್ದ.

ಎರಡನೆಯ ಸಾಲಿನಿಂದ ಮಣಿಪಾಲದ ಹುಡುಗಿಯೊಬ್ಬಳು ಎದ್ದು ಕೇಳಿದಳು. “ಸರ್, ಆ ಅಳುವ ದೃಶ್ಯ. ಅನುಭವ ಇಲ್ಲದ ನಟಿಯಿಂದ ಅದನ್ನು ಹೇಗೆ ತೆಗೆಸಿದಿರಿ?”

ಧರ್ಮಪಾಲ ನಕ್ಕ. ಮೈಕನ್ನು ಹತ್ತಿರ ಎಳೆದುಕೊಂಡ. “ಇಷ್ಟು ದಿನ ಯಾರಿಗೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ, ಕುಶಲಾ ಬೇಜಾರು ಮಾಡಬಾರದು. ಈಕೆಗೆ ನಟನೆ ಬರುವುದಿಲ್ಲ. ನಿಜವಾಗಿ ಬರುವುದಿಲ್ಲ. ಬೆಳಗ್ಗಿನಿಂದ ಫಿಲ್ಮು ಸುಟ್ಟದ್ದೇ ಬಂತು. ಕೊನೆಗೆ ನಾನೇ ಒಂದು ನಾಟಕ ಕಟ್ಟಿದೆ. ಅಲ್ಲಿ ಒಬ್ಬ ಬ್ಯಾರಿಯ ಅಂಗಡಿ ಇತ್ತು. ನಮ್ಮ ಮ್ಯಾನೇಜರನ ಕೈಯಲ್ಲಿ ಅವನಿಗೆ ಹೇಳಿಸಿದೆ, ಈಕೆಯ ಅಣ್ಣನ ಬೋಟು ಮುಳುಗಿತು ಅಂತ. ಅವನು ಪಾಪ ನಂಬಿ ಓಡಿ ಬಂದ. ನಾನು ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಿದ್ದೆ.”

ಸಭೆಯ ಹಿಂದಿನಿಂದ ಯಾರೋ ‘ವಾಹ್’ ಎಂದರು. ನಗು ಎದ್ದಿತು, ನಗುವಿನ ಮೇಲೆ ಚಪ್ಪಾಳೆ. ಸಭಾಂಗಣವೆಲ್ಲ ತಟ್ಟಿತು. ಸರ್ವೋತ್ತಮ ಪೈಗಳು ತಲೆಯಾಡಿಸುತ್ತ, “ನಿರ್ದಯಿಯಾಗದೆ ಕಲಾವಿದನಾಗಲು ಸಾಧ್ಯವಿಲ್ಲ, ಅಲ್ವಾ?” ಎಂದರು. ಅದಕ್ಕೆ ಇನ್ನೊಮ್ಮೆ ಚಪ್ಪಾಳೆ ಬಿತ್ತು.

ಕುಶಲಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅವನು ಬೇರೆ ಯಾರದೋ ಕಥೆ ಹೇಳುತ್ತಿದ್ದಾನೆ ಎನಿಸಿತು. ಆಮೇಲೆ ಪುತ್ತುಬ್ಬನ ಮುಖ ಕಣ್ಣೆದುರು ಬಂತು. ಗದ್ದದ ಮೇಲೆ ಅವಳ ಉಗುಳು, ಒರೆಸಿಕೊಳ್ಳಲು ಎತ್ತಿದ ಕೈ. ಆ ಕೈಯನ್ನೇ ಅಣ್ಣ ಮುರಿದದ್ದು.

“ಕುಶಲಾ ಅವರೇ, ನೀವೂ ಎರಡು ಮಾತು ಹೇಳಿ” ಎಂದು ಪೈಗಳು ಮೈಕು ಕೊಟ್ಟರು. “ಈಗ ಗೊತ್ತಾದಾಗ ಹೇಗನಿಸುತ್ತದೆ?”

“ಆ ಸುದ್ದಿ ಕೇಳಿ ನನ್ನ ಅಮ್ಮ ಬಿದ್ದರು” ಎಂದಳು ಅವಳು. “ಆ ವಾರವೇ ತೀರಿಕೊಂಡರು.”

ಸಭೆ ಮೆತ್ತಗಾಯಿತು. ಧರ್ಮಪಾಲ ಮುಖದಲ್ಲಿ ನೋವು ತಂದುಕೊಂಡ. “ಹೌದು, ನನಗೂ ಬಹಳ ದುಃಖವಾಯಿತು. ಆದರೆ ಅವರಿಗೆ ಮೊದಲೇ ರಕ್ತದೊತ್ತಡ ಉಂಟು ಎಂದು ಡಾಕ್ಟರು ಹೇಳಿದ್ದರು, ಅಲ್ವಾ ಕುಶಲಾ? ಒಂದು ರೀತಿಯಲ್ಲಿ ಆ ತಾಯಿಯೂ ಈ ಚಿತ್ರದಲ್ಲಿದ್ದಾರೆ ಎಂದೇ ನಾನು ತಿಳಿಯುತ್ತೇನೆ.”

ಈ ಮಾತಿಗೂ ಕೆಲವರು ಚಪ್ಪಾಳೆ ತಟ್ಟಿದರು. ಬ್ಯಾಂಕಿನವರೊಬ್ಬರು ಎದ್ದು, ಕಡಲಿನ ದೃಶ್ಯಗಳಿಗೆ ಯಾವ ಲೆನ್ಸು ಬಳಸಿದಿರಿ ಎಂದು ಕೇಳಿದರು. ಧರ್ಮಪಾಲ ಅದಕ್ಕೆ ಉದ್ದದ ಉತ್ತರ ಕೊಟ್ಟ. ಆಮೇಲೆ ಚಹಾಕ್ಕೆ ಬಿಟ್ಟರು.

ಚಹಾದ ಹೊತ್ತಿನಲ್ಲಿ ನಾಲ್ಕಾರು ಹೆಂಗಸರು ಕುಶಲಾಳನ್ನು ಸುತ್ತುಗಟ್ಟಿದರು. “ಪುಣ್ಯ ಮಾಡಿದ್ದೀರಿ, ಎಂತ ಅಳು ಅದು!” ಎಂದು ಒಬ್ಬರು ಕೈ ಹಿಡಿದರು. ಅವಳು ಕೈ ಬಿಡಿಸಿಕೊಂಡು ಹೊರಗೆ ನಡೆದಳು. ಸಭಾಂಗಣದ ಕಚೇರಿಯಲ್ಲಿ ಫೋನಿತ್ತು. ಪೈಗಳ ಸಂಘದ ಕೆಲಸ ನೋಡಿಕೊಳ್ಳುತ್ತಿದ್ದ ವ್ಯಾಲೆಂಟೈನ್ ಅದರ ಪಕ್ಕದಲ್ಲಿ ಕುಳಿತು ಬಿಸ್ಕೀಟು ತಿನ್ನುತ್ತಿದ್ದ. ಅವಳು ಬಾಗಿಲಲ್ಲಿ ಸುಮ್ಮನೆ ನಿಂತು ಫೋನನ್ನು ನೋಡಿದಳು. ಎಂತ ಬೇಕಿತ್ತು ಎಂದು ಅವನು ಕೇಳಿದ. ಎಂತದೂ ಇಲ್ಲ ಎಂದಳು.

ಮಾತುಕತೆ ಮತ್ತೆ ಶುರುವಾಯಿತು. ಧರ್ಮಪಾಲ ಮುಂದಿನ ಚಿತ್ರದ ವಿಷಯ ಹೇಳುತ್ತಿದ್ದ. ಕುಶಲಾ ತಡವಾಗಿ ಬಂದಳು. ಓಡಿ ಬಂದವಳ ಹಾಗೆ ಉಸಿರು ಬಿಡುತ್ತ ಮೆಟ್ಟಿಲು ಹತ್ತಿದಳು, ಸೆರಗು ಜಾರಿದರೂ ಸರಿಮಾಡಿಕೊಳ್ಳಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿದಳು.

“ಸರ್, ಕೆಳಗೆ ಫೋನು ಬಂದಿತ್ತು. ಬಜಗೋಳಿಯಿಂದ. ಮಗು ಸೈಕಲ್ಲಿನಲ್ಲಿ ರಸ್ತೆಗೆ ಹೋಗಿತ್ತಂತೆ. ಅದಿರಿನ ಲಾರಿ...” ಅಷ್ಟು ಹೇಳಿ ತುಟಿ ಕಚ್ಚಿಕೊಂಡಳು.

“ಎಂತ? ಎಂತ ಆಯಿತು? ಹೇಳು!”

“ನೀವು ಬೇಗ ಹೋಗಬೇಕಂತೆ. ಮುಖ ನೋಡಲಿಕ್ಕೆ.”

ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಧರ್ಮಪಾಲನ ಗಂಟಲಿನಿಂದ ಹೊರಟ ಸದ್ದು ಸಭಾಂಗಣದ ನಾಲ್ಕು ಮೂಲೆಯಲ್ಲೂ ಕೇಳಿತು. ಎದ್ದು ನಿಲ್ಲಲು ಹೋಗಿ ಮೇಜಿನ ಮೇಲೆಯೇ ಬಿದ್ದ. ನೀರಿನ ಲೋಟ ಉರುಳಿತು. ಮಗಳ ಹೆಸರು ಹಿಡಿದು ಕೂಗುತ್ತ, ಎದೆ ಗುದ್ದಿಕೊಳ್ಳುತ್ತ, ವೇದಿಕೆಯ ಹಲಗೆಯ ಮೇಲೆ ಮಂಡಿಯೂರಿದ. ಮೂಗಿನಿಂದ ನೀರು ಇಳಿಯುತ್ತಿತ್ತು. ಸಭೆ ಎದ್ದು ನಿಂತಿತು. ಹೆಂಗಸರು ಅಳತೊಡಗಿದರು. ಯಾರೋ ಫೋನಿನ ಕಡೆಗೆ ಓಡಿದರು.

ಕುಶಲಾ ಪಕ್ಕದಲ್ಲಿ ನಿಂತು ನೋಡಿದಳು. ನಿಲ್ಲಿಸಲು ಒಂದು ಮಾತು ಸಾಕಾಗಿತ್ತು, ಅವಳು ಆಡಲಿಲ್ಲ. ಅವನ ಕೂಗು ಬತ್ತಿ, ಬರೀ ಬಾಯಿ ಮಾತ್ರ ತೆರೆದು ಮುಚ್ಚುವ ತನಕ ಕಾದಳು. ಆಮೇಲೆ ಬಗ್ಗಿ ಮೈಕನ್ನು ಎತ್ತಿಕೊಂಡಳು.

“ಸುಳ್ಳು” ಎಂದಳು. “ಮಗುವಿಗೆ ಎಂತದೂ ಆಗಲಿಲ್ಲ. ಫೋನೂ ಬರಲಿಲ್ಲ.”

ಆಗ ಎದ್ದ ಗಲಾಟೆ ಆ ಸಭಾಂಗಣದಲ್ಲಿ ಹಿಂದೆಂದೂ ಎದ್ದಿರಲಿಲ್ಲ. ‘ರಾಕ್ಷಸಿ’ ಎಂದು ಒಬ್ಬರು, ‘ಪೊಲೀಸರನ್ನು ಕರೆಯಿರಿ’ ಎಂದು ಇನ್ನೊಬ್ಬರು. ಕೈ ಹಿಡಿದು ಪುಣ್ಯ ಮಾಡಿದ್ದೀರಿ ಎಂದಿದ್ದ ಹೆಂಗಸೇ ವೇದಿಕೆಯ ತನಕ ಬಂದು, “ನಿನಗೆ ಹೊಟ್ಟೆಯಲ್ಲಿ ಹುಟ್ಟಿದ್ದಿದ್ದರೆ ಗೊತ್ತಾಗುತ್ತಿತ್ತು” ಎಂದಳು. ಪೈಗಳು ಅವಳ ಕೈಯಿಂದ ಮೈಕು ಕಿತ್ತುಕೊಂಡರು. “ಇದು ಮನುಷ್ಯರು ಮಾಡುವ ಕೆಲಸವಾ? ಎಂತ ಹೆಂಗಸು ನೀವು?”

“ನೀವು ಚಪ್ಪಾಳೆ ತಟ್ಟುತ್ತೀರಿ ಎಂದು ತಿಳಿದಿದ್ದೆ” ಎಂದಳು ಕುಶಲಾ.

ಧರ್ಮಪಾಲ ಅವಳ ಮಾತು ನಂಬಲೇ ಇಲ್ಲ. ಯಾವುದು ಸುಳ್ಳು, ಮೊದಲು ಹೇಳಿದ್ದೋ ಆಮೇಲೆ ಹೇಳಿದ್ದೋ ಅವನಿಗೆ ತಿಳಿಯದಾಯಿತು. ಬಜಗೋಳಿಯಿಂದ ಫೋನಿನಲ್ಲಿ ಉತ್ತರ ಬರುವ ತನಕ ಕಾಯಲಾರದೆ ಬರಿಗಾಲಿನಲ್ಲೇ ಟ್ಯಾಕ್ಸಿ ಹತ್ತಿದ. ಕುಶಲಾ ಯಾರ ಸಹಾಯವೂ ಇಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದು ಕಾಪುವಿನ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಅವಳಿಗೆ ಹಗುರವೆನಿಸುತ್ತಿತ್ತು. ಆ ಹಗುರ ಮನೆ ಮುಟ್ಟುವ ತನಕವೂ ಇತ್ತು.

ಭುಜಂಗನಿಗೆ ಎಲ್ಲವನ್ನೂ ಹೇಳಿದಳು. ಪುತ್ತುಬ್ಬ ಸುಳ್ಳು ಹೇಳಿರಲಿಲ್ಲ ಎಂದು ಎರಡು ಸಲ ಹೇಳಿದಳು. ಅವನು ಬಲೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. “ಇನ್ನು ಅದನ್ನೆಲ್ಲ ಎಬ್ಬಿಸಿ ಎಂತ ಮಾಡುವುದು ಮಾರಾಯ್ತಿ? ಕೈ ಆಗಲೇ ಕೂಡಿಕೊಂಡಿರಬಹುದು” ಎಂದ.

ನಾಲ್ಕು ದಿನ ಬಿಟ್ಟು ವ್ಯಾಲೆಂಟೈನ್ ಮನೆ ಹುಡುಕಿಕೊಂಡು ಬಂದ. ಅಂಗಳದಲ್ಲೇ ನಿಂತು ತಲೆ ಕೆರೆದುಕೊಂಡ. “ಸಂಘದವರು ಕಳಿಸಿದ್ದು ಕುಶಲಾ ಬಾಯಿ. ಆ ಶಾಲನ್ನು ವಾಪಸು ತರಲಿಕ್ಕೆ ಹೇಳಿದ್ದಾರೆ.” ಅವಳು ಒಳಗಿನಿಂದ ಶಾಲು ತಂದು ಕೊಟ್ಟಳು. ಅವನು ಅದನ್ನು ಬಗಲಲ್ಲಿ ಇಟ್ಟುಕೊಂಡ, ಆದರೆ ಹೋಗಲಿಲ್ಲ.

“ಆ ದಿನ ನೀವು ಸುಳ್ಳು ಎಂದು ಹೇಳುವ ಮೊದಲೇ ನಮ್ಮವರೊಬ್ಬರು ಫೋನಿಗೆ ಓಡಿದ್ದರಲ್ಲ” ಎಂದ. “ಬಜಗೋಳಿಯ ಅಂಗಡಿಗೆ ಆಗಲೇ ಲೈನು ಸಿಕ್ಕಿತು. ಧರ್ಮಪಾಲರ ಮಗಳು ಲಾರಿಗೆ ಸಿಕ್ಕಿದಳಂತೆ, ನಿಜವಾ ಎಂದು ಕೇಳಿದರು. ಅಂಗಡಿಯವ ಅದನ್ನೇ ಮನೆಗೆ ಹೋಗಿ ಹೇಳಿದ. ಮಗು ಆಗ ಮನೆಯಲ್ಲಿರಲಿಲ್ಲ. ಆ ಮನೋರಮಾ ಬಾಯಿ ಕುದುರೆಮುಖದ ರಸ್ತೆಯಲ್ಲಿ ಒಂದೊಂದು ಲಾರಿಯನ್ನೂ ಅಡ್ಡ ನಿಂತು ತಡೆದು, ಚಕ್ರದ ಅಡಿ ಬಗ್ಗಿ ನೋಡಿದರಂತೆ. ಮಗು ನೆರೆಮನೆಯ ಗೇರುತೋಟದಲ್ಲಿ ಆಡುತ್ತಿತ್ತು. ಸಿಕ್ಕಿದ ಮೇಲೂ ಆ ಬಾಯಿ ಅದು ತನ್ನ ಮಗುವಲ್ಲ ಎನ್ನುತ್ತಿದ್ದಾರಂತೆ. ಈಗ ಆಸ್ಪತ್ರೆಯಲ್ಲಿದ್ದಾರೆ.”

ಧರ್ಮಪಾಲನ ಮುಖವನ್ನು ಕುಶಲಾ ಬೇಕೆಂದೇ ನೋಡಿದ್ದಳು. ಈ ಹೆಂಗಸಿನ ಮುಖ ಅವಳು ಕಂಡವಳಲ್ಲ.

ಮರುದಿನ ಅವಳು ಆಯಿಶಮ್ಮನ ಮನೆಗೆ ಹೋದಳು. ಐದು ವರ್ಷದಲ್ಲಿ ಪೇಟೆಯಲ್ಲಿ ಎದುರು ಸಿಕ್ಕಿದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋದವಳು. ಆಯಿಶಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಕೂರಿ ಎನ್ನಲಿಲ್ಲ. ಕುಶಲಾ ನಿಂತೇ ಎಲ್ಲವನ್ನೂ ಹೇಳಿದಳು. ಉಡುಪಿಯ ವೇದಿಕೆ, ಚಪ್ಪಾಳೆ, ಬಜಗೋಳಿ, ಮನೋರಮಾ.

ಆಯಿಶಮ್ಮ ಬೀಡಿಗೆ ನೂಲು ಸುತ್ತಿ ಮುಗಿಸಿದಳು.

“ನನಗೆ ಆ ದಿನವೇ ಗೊತ್ತಿತ್ತಲ್ಲ” ಎಂದಳು. “ಅವರು ಸುಳ್ಳು ಹೇಳುವವರಲ್ಲ ಎಂದು ನನಗೆ ಸಿನೆಮಾದವ ಬಂದು ಹೇಳಬೇಕಾ?”

“ಬ್ಯಾರಿಯವರಿಗೆ ತಿಳಿಸಬೇಕು ಆಯಿಶಮ್ಮ. ನಾನು ತಪ್ಪು ತಿಳಿದೆ ಎಂದು.”

“ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಅಣ್ಣನನ್ನು ಬೈದದ್ದುಂಟು, ನಿಮ್ಮನ್ನು ಒಂದು ದಿನ ಬೈದವರಲ್ಲ. ‘ನನ್ನ ಹಾಗೆ ಅವಳೂ ಮೋಸ ಹೋದವಳು, ಮನಸ್ಸು ಒಳ್ಳೆಯದು’ ಎನ್ನುತ್ತಾರೆ. ಕೈ ನೋಯುವಾಗಲೂ ಅದನ್ನೇ ಹೇಳುತ್ತಿದ್ದರು. ನನಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು.”

ಆಯಿಶಮ್ಮ ಕಟ್ಟಿದ ಬೀಡಿಯನ್ನು ಮೊರಕ್ಕೆ ಹಾಕಿದಳು.

“ಸಿನೆಮಾದವ ಒಪ್ಪಿಕೊಂಡ ಎಂದು ತಿಳಿಸುತ್ತೇನೆ” ಎಂದಳು ಆಯಿಶಮ್ಮ. “ಬಜಗೋಳಿಯ ವಿಷಯ ತಿಳಿಸುವುದಿಲ್ಲ. ನಿಮ್ಮ ಮೇಲಿನ ದಯೆಯಿಂದ ಅಲ್ಲ. ಆ ದೇಶದಲ್ಲಿ ಒಬ್ಬರೇ ಇದ್ದಾರೆ, ಅವರಿಗೆ ಆ ಒಂದು ನಂಬಿಕೆಯಾದರೂ ಇರಲಿ.”

ಅಷ್ಟು ಹೇಳಿ ಇನ್ನೊಂದು ಎಲೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕುಶಲಾ ಮೆಟ್ಟಿಲಿಳಿದು ಬಂದ ದಾರಿಯಲ್ಲೇ ಹೊರಟಳು. ಆಯಿಶಮ್ಮ ತಲೆ ಎತ್ತಿ ನೋಡಲಿಲ್ಲ.