ಗಂಟುಮುದ್ದೆ

ಎಪ್ಪತ್ತನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ ಬಂಡೂರಿನ ಕುರಿ ನಿಂಗಯ್ಯನ ಮಗಳು ಸಣ್ಣತಾಯಿ ಎಂಟನೇ ಕ್ಲಾಸು ಓದಲು ಮಂಡ್ಯದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದಳು. ಬಂದಳು ಅಂತ ಹೇಳಬೇಕಷ್ಟೆ. ಟ್ರಂಕಿನ ಬೀಗ ತೆಗೆಯಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ, ತಟ್ಟೆಯ ಮುಂದೆ ಕೂತ ಶಾಸ್ತ್ರ ಮಾಡಿ ಎದ್ದು ಹೋಗುತ್ತಿದ್ದಳು. ಆ ವರ್ಷದ ಯುಗಾದಿಗೆ ಮುಂಚೆ ಅವಳವ್ವ ತೀರಿಕೊಂಡಿದ್ದಳು. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಮದ್ದೂರು ಪೇಟೆಯ ಹುಡುಗಿಯೊಬ್ಬಳು ‘ಮೂಕಿ’ ಅಂತ ಹೆಸರಿಟ್ಟಳು. ಹೆಸರಿಡೋದಕ್ಕೇನು, ಯಾರ ಗಂಟು ಹೋಗುತ್ತದೆ?

ವಾರ್ಡನ್ ರಂಗನಾಯಕಮ್ಮ ಮಾತ್ರ, “ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳೇನ್ರೇ, ಸುಮ್ನಿರಿ,” ಎಂದು ಹುಡುಗಿಯರ ಬಾಯಿ ಮುಚ್ಚಿಸುತ್ತಿದ್ದರು. ಮೇಲುಕೋಟೆ ಕಡೆಯ ಅಯ್ಯಂಗಾರ್ ಮನೆಯ ಹೆಂಗಸು, ಮಡಿ ಮೈಲಿಗೆಯನ್ನೆಲ್ಲ ಗೇಟಿನಾಚೆಗೇ ಬಿಟ್ಟು ಬಂದವರು. ಪುಳಿಯೋಗರೆಗೆ ಅವರನ್ನು ಬಿಟ್ಟರಿಲ್ಲ. ದಿನಾ ರಾಗಿಮುದ್ದೆ ಮಾಡುವುದು ಅಡುಗೆಯ ಮಂಗಳಮ್ಮನ ಕೆಲಸ.

ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಸಣ್ಣತಾಯಿ ಟ್ರಂಕನ್ನು ಗೇಟಿನ ತನಕ ಹೊತ್ತು ತಂದು ಅದರ ಮೇಲೇ ಕೂತಳು.

“ನಾನು ಊರ್ಗೆ ಓಯ್ತೀನಿ ಅಮ್ಮೋರೆ,” ಎಂದಳು.

ಹೋದರೆ ಓದಿನ ಕಥೆ ಮುಗಿದ ಹಾಗೆಯೇ. “ಒಂದ್ಕಿತ ವಾಪಸ್ ಬಂದ್ಯೋ, ಮತ್ತೆ ಕಳ್ಸಾಕಿಲ್ಲ,” ಎಂದು ನಿಂಗಯ್ಯ ಬಸ್ಸು ಹತ್ತಿಸುವಾಗಲೇ ಹೇಳಿದ್ದ. ಊರಲ್ಲಿ ಸೋದರಮಾವ ಬೇರೆ ಮದುವೆಗೆ ಪಂಚೆ ಒಗೆಸಿಟ್ಟುಕೊಂಡು ಕಾಯುತ್ತಿದ್ದ. ಮಗಳನ್ನು ಓದಿಸಲೇಬೇಕೆಂದು ಹಟ ಹಿಡಿದವಳು ಅವ್ವ. ಅವಳೇ ಇಲ್ಲದ ಮೇಲೆ ಓದಿ ಯಾರಿಗೆ ತೋರಿಸಬೇಕು ಎಂಬುದು ಸಣ್ಣತಾಯಿಯ ಸಂಕಟ.

“ಹೋಗು ಮರಿ,” ಎಂದರು ರಂಗನಾಯಕಮ್ಮ. “ಬಸ್ಸು ಎರಡೂವರೆಗೆ, ನಾನೇ ಬಂದು ಹತ್ತಿಸ್ತೀನಿ. ಆದ್ರೆ ಮಂಗಳಮ್ಮ ತಲೆನೋವು ಅಂತ ಮಲಗಿಬಿಟ್ಟಿದ್ದಾಳೆ, ಮುದ್ದೆ ನಾನೇ ಮಾಡ್ಬೇಕು. ಬಿಸಿಲಲ್ಲಿ ಯಾಕೆ, ಒಳಗೆ ಬಂದು ಕೂತಿರು.”

ಅಡುಗೆಮನೆಯ ಬಾಗಿಲಲ್ಲಿ ಕೂತ ಸಣ್ಣತಾಯಿ ಕಣ್ಣಾರೆ ಕಂಡ ಅನ್ಯಾಯ ಹೇಳತೀರದು. ಎಸರು ಕುದಿಯುವ ಮೊದಲೇ ಮಹಾತಾಯಿ ಹಿಟ್ಟು ಸುರಿದರು. ಸುರಿದ ಮೇಲಾದರೂ ಬೇಯಲು ಬಿಟ್ಟರೇ, ಅದೂ ಇಲ್ಲ. ಮಜ್ಜಿಗೆ ಕಡೆಯುವವರ ಹಾಗೆ ಕೋಲಾಡಿಸಿದರು. ಗೋಲಿಗಾತ್ರದ ಗಂಟುಗಳೆದ್ದವು. ಈ ಸೀಮೆಯವರು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಇಂಥ ಗಂಟು ನುಂಗಿದರೆ ಅದು ಗಂಟಲಲ್ಲೇ ಸಂಸಾರ ಹೂಡುತ್ತದೆ.

ತಡೆದಳು, ತಡೆದಳು, ಆಗಲಿಲ್ಲ.

“ಥೂ, ಬುಡಿ ಅಮ್ಮೋರೆ ಅತ್ಲಾಗೆ. ಇದ್ನ ನಾಯಿನೂ ಮೂಸಾಕಿಲ್ಲ.”

ಹಾಸ್ಟೆಲಿಗೆ ಬಂದ ಮೇಲೆ ಅವಳಾಡಿದ ಅತಿ ಉದ್ದದ ಮಾತು ಅದು. ಲಂಗ ಎತ್ತಿ ಸಿಕ್ಕಿಸಿ ಹೊಸದಾಗಿ ಎಸರಿಟ್ಟಳು. ಕುದಿ ಬಂದಾಗ ಹಿಟ್ಟು ಹಾಕಿ, ಬೇಯಲು ಬಿಟ್ಟು, ಪಾತ್ರೆ ಇಳಿಸಿ, ಮೈಯೆಲ್ಲ ಬಗ್ಗಿಸಿ ತೊಳಸಿದಳು. ಒಂದಾದ ಮೇಲೊಂದು ಪಾತ್ರೆ, ಎಲ್ಲೂ ಒಂದು ಗಂಟಿಲ್ಲ.

“ಯಾರು ಕಲಿಸಿದ್ದು ಮರಿ?”

“ನಮ್ಮವ್ವ.”

ಆ ಮಾತು ಬಾಯಿಂದ ಬಿದ್ದದ್ದೇ ತಡ, ತಡೆದಿಟ್ಟ ಅಳುವೆಲ್ಲ ಬಂತು. ಅವ್ವ ಬೆನ್ನ ಹಿಂದೆ ನಿಂತು ತನ್ನ ಕೈಮೇಲೆ ಕೈಯಿಟ್ಟು ಕೋಲು ತಿರುಗಿಸಿದ್ದು, ಜ್ವರ ಬಂದದ್ದು, ಆಸ್ಪತ್ರೆಗೆ ಗಾಡಿ ಕಟ್ಟುವಷ್ಟರಲ್ಲಿ ಹೊತ್ತು ಮೀರಿದ್ದು, ಎಲ್ಲ ಹೇಳಿದಳು. ರಂಗನಾಯಕಮ್ಮ ಪಕ್ಕದಲ್ಲಿ ಕೂತು, ಕೈಗೆ ನೀರು ಹಚ್ಚಿಕೊಂಡು, ಸೊಟ್ಟಸೊಟ್ಟಗೆ ಮುದ್ದೆ ಕಟ್ಟುತ್ತಾ ಕೇಳಿಸಿಕೊಂಡರು.

“ಅಳು, ಚೆನ್ನಾಗಿ ಅಳು. ಮುದ್ದೆ ಮೇಲೆ ಮಾತ್ರ ಬೀಳಿಸ್ಬೇಡ, ಉಪ್ಪಾಗತ್ತೆ,” ಎಂದರು. ಅಳುತ್ತಿದ್ದವಳಿಗೆ ಕಿಸಕ್ಕನೆ ನಗು ಬಂತು.

ಅವತ್ತು ‘ಮೂಕಿ’ ಅಂದವಳೇ ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಅಷ್ಟರಲ್ಲಿ ಎರಡೂವರೆಯ ಬಸ್ಸು ಮಳವಳ್ಳಿ ದಾರಿ ಹಿಡಿದಿತ್ತು. “ಸೋಮವಾರ ಬೆಳಿಗ್ಗೆ ಒಂದಿದೆ ಬಿಡು,” ಎಂದರು ವಾರ್ಡನ್. ಸೋಮವಾರ ಕ್ಲಾಸಿನಲ್ಲಿ ಪರೀಕ್ಷೆ ಇತ್ತು, ಬುಧವಾರ ಮಂಗಳಮ್ಮನಿಗೆ ಮತ್ತೆ ತಲೆನೋವು. ಆ ವಾರದ ಕೊನೆಗೆ ಟ್ರಂಕಿನ ಬೀಗ ತೆರೆಯಿತು.

ಮರುವರ್ಷ ಅದೇ ಗೇಟಿನ ಹತ್ತಿರ ಕೊಕ್ಕರೆ ಬೆಳ್ಳೂರಿನ ಮಲ್ಲಿಗಮ್ಮ ಎಂಬ ಹೊಸ ಹುಡುಗಿ ಟ್ರಂಕಿನ ಮೇಲೆ ಕೂತಿದ್ದಳು. ಅಪ್ಪ ಅವ್ವ ಇಬ್ಬರೂ ಇಲ್ಲದವಳು. ರಂಗನಾಯಕಮ್ಮ ಸಣ್ಣತಾಯಿಯನ್ನು ಅಡುಗೆಮನೆಗೆ ಕರೆದರು. ಅಲ್ಲಿ ಮಂಗಳಮ್ಮ ಗುಂಡುಕಲ್ಲಿನ ಹಾಗೆ ನಿಂತು ಎಲೆಅಡಿಕೆ ಮೆಲ್ಲುತ್ತಿದ್ದಳು.

“ಇವಳಿಗೆ ಈಗ ತಲೆನೋವು ಬರತ್ತೆ,” ಎಂದರು ವಾರ್ಡನ್. “ಮುದ್ದೆ ನೀನು ಮಾಡು. ತುಂಬ ಗಂಟಿರ್ಬೇಕು.”

“ನಾನಾ? ಗಂಟಾ?”

“ಹೋದ್ವರ್ಷ ನಿನಗೋಸ್ಕರ ನಾನು ಮಾಡ್ಲಿಲ್ವೇನೇ? ಈ ಹುಡುಗಿ ದೊಡ್ಡೋರು ಏನು ಮಾಡಿದ್ರೂ ತುಟಿ ಬಿಚ್ಚಲ್ಲ. ನಿನ್ನಂಥೋಳು ಮಾಡಿದ್ರೆ ಬೈತಾಳೆ.”

ಸಣ್ಣತಾಯಿ ಬಾಯಿ ಬಿಟ್ಟುಕೊಂಡು ನಿಂತಳು. “ಅಂಗಾರೆ ನಿಮ್ಗೆ ಇಟ್ಟು ತೊಳ್ಸಾಕೆ ಬತ್ತದಾ?”

“ನನ್ಗಿಂತ ಚೆಂದಾಗಿ ತೊಳುಸ್ತಾರೆ ಕಣವ್ವ,” ಎಂದಳು ಮಂಗಳಮ್ಮ.

ಸಣ್ಣತಾಯಿಗೆ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಬಸ್ಸು ತಪ್ಪಿಸಿದ್ದಾರೆ, ಎಂಥ ಕಿಲಾಡಿ ಹೆಂಗಸು. ಬೈಯಬೇಕೆಂದು ಬಾಯಿ ತೆರೆದವಳು ಕಿಟಕಿಯಾಚೆ ನೋಡಿದಳು. ಮಲ್ಲಿಗಮ್ಮ ತಲೆ ತಗ್ಗಿಸಿಕೊಂಡು ಟ್ರಂಕಿನ ಬೀಗವನ್ನು ಸುಮ್ಮನೆ ಎಳೆದು ಎಳೆದು ನೋಡುತ್ತಿದ್ದಳು. ಕೋಪ ಎಲ್ಲಿ ಹೋಯಿತೋ ಏನೋ. “ಕರೀರಿ ಅವ್ಳ್ನ,” ಎಂದಳು.

ಮುದ್ದೆ ಕೆಡಿಸುವುದು ಸುಲಭ ಅಂದುಕೊಳ್ಳಬೇಡಿ. ಕೈ ಕೇಳಬೇಕಲ್ಲ. ಗಂಟು ಕಂಡಲ್ಲೆಲ್ಲ ಕೋಲು ತಾನಾಗಿ ಹೋಗಿ ಒಡೆಯುತ್ತಿತ್ತು. ಕೊನೆಗೆ ಕಣ್ಣುಮುಚ್ಚಿ ಎರಡು ಬೊಗಸೆ ಒಣಹಿಟ್ಟು ಸುರಿದಳು.

ಬಾಗಿಲಲ್ಲಿ ಕೂತಿದ್ದ ಮಲ್ಲಿಗಮ್ಮ ಒಮ್ಮೆ ಇಣುಕಿದಳು, ಇನ್ನೊಮ್ಮೆ ಇಣುಕಿದಳು. ಆಮೇಲೆ ಎದ್ದೇ ಬಂದಳು.

“ಏನಕ್ಕ ಇದು? ಯಾರು ನಿಂಗೆ ಇಟ್ಟು ತೊಳ್ಸಾದು ಕಲ್ಸಿದ್ದು?”

ಅವ್ವನ ಕೈಯ ಹದ ಇಡೀ ಬಂಡೂರಿಗೇ ಗೊತ್ತು. ನಾಲಗೆ ತುದಿಗೆ ಬಂದ ಅವ್ವನ ಹೆಸರನ್ನು ಸಣ್ಣತಾಯಿ ನುಂಗಿಕೊಂಡಳು. ತಪ್ಪಾಯ್ತು ಕಣವ್ವ ಎಂದು ಮನಸ್ಸಿನಲ್ಲೇ ಕೈಮುಗಿದಳು.

“ನಂಗೆ ಯಾರೂ ಕಲ್ಸಿಲ್ಲ ಕಣೆ,” ಎಂದು ಕೋಲನ್ನು ಮುಂದೆ ಚಾಚಿದಳು. “ನೀನೇ ಕಲ್ಸು.”

ಮಲ್ಲಿಗಮ್ಮ ಲಂಗ ಎತ್ತಿ ಸಿಕ್ಕಿಸಿದಳು.