ಸುಂದರಿಯ ಅಂಗಳ

"ಅಲ್ಲಿ ಬೇಡ, ಇನ್ನೂ ಸ್ವಲ್ಪ ಗೋಡೆಯ ಕಡೆಗೆ ಬಾ ಮಾರಾಯ," ಎಂದು ಕರುಣಾಕರ ಹೇಳಿ ಮುಗಿಸುವ ಮೊದಲೇ ಕೇರಿಯ ಹುಡುಗ ಪ್ರವೀಣನ ಪಿಕ್ಕಾಸು ನೆಲಕ್ಕೆ ಬಿದ್ದಾಗಿತ್ತು. ಕರುಣಾಕರನ ತಾಯಿ ಸುಂದರಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು, ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಜೀವ ಇದ್ದಿದ್ದರೆ ಪಿಕ್ಕಾಸನ್ನೂ ಪ್ರವೀಣನನ್ನೂ ಒಟ್ಟಿಗೆ ಹೊರಗೆ ಹಾಕುತ್ತಿದ್ದಳು. ಆ ಅಂಗಳದಲ್ಲಿ ಅವಳು ಒಂದು ದಾಸವಾಳವನ್ನೂ ನೆಡಲು ಬಿಟ್ಟವಳಲ್ಲ. ಗಿಡಗಳೆಲ್ಲ ಪೈಂಟಿನ ಡಬ್ಬಿಯಲ್ಲಿ, ಒಡೆದ ಬಕೆಟಿನಲ್ಲಿ.

ಕಾರ್ಕಳದ ಪೇಟೆಯ ನಡುವೆ ಐದು ಸೆಂಟ್ಸು ಜಾಗ. ಒಂದು ಕಡೆ ಮೂರು ಮಾಳಿಗೆಯ ಕಾಂಪ್ಲೆಕ್ಸು, ಇನ್ನೊಂದು ಕಡೆ ಬರ್ತಾ ಬಾಯಿಯ ಮನೆ. ಬರ್ತಾ ಬಾಯಿ ಈಗ ಕೋಲು ಊರಿಕೊಂಡು ಗೇಟು ದಾಟಿ ಬಂದರು.

"ಕರುಣಾ, ನಿಲ್ಲಿಸು. ನಿನ್ನ ಅಮ್ಮ ನನ್ನ ಹತ್ತಿರ ಸರಿಯಾಗಿ ಹೇಳಿದ್ದಾಳೆ. ನಾನು ಸತ್ತರೆ ಪುರಸಭೆಯ ಸ್ಮಶಾನಕ್ಕೆ ತೆಗೆದುಕೊಂಡು ಹೋಗಲಿ, ಅಂಗಳ ಅಗೆಯುವುದು ಬೇಡ ಅಂತ."

ಜಗಲಿಯಲ್ಲಿ ಕೂತಿದ್ದ ಸುಂದರಿಯ ಮಗಳು ವಿನೋದಾ ಎದ್ದು ಬಂದಳು. ಕಾಪುವಿನಲ್ಲಿ ಅವಳ ಗಂಡನ ಮನೆ; ಸುದ್ದಿ ತಿಳಿದು ಬೆಳಗಿನ ಮೊದಲ ಬಸ್ಸಿಗೆ ಹತ್ತಿ ಬಂದಿದ್ದಳು.

"ಯಾಕೆ ಅಂತ ಹೇಳಿದ್ದಾಳಾ ಬಾಯಿ?"

"ಅದು ಹೇಳಲಿಲ್ಲ."

"ಹಾಗಾದರೆ ನೀವು ಸುಮ್ಮನಿರಿ. ಸ್ವಂತ ಜಾಗ ಇದ್ದೂ ಅಪ್ಪನನ್ನು ದಿಕ್ಕಿಲ್ಲದವರ ಹಾಗೆ ಅಲ್ಲಿ ಸುಟ್ಟದ್ದು ಸಾಕು. ಅಮ್ಮನ ಚಿತೆಯಾದರೂ ನಮ್ಮ ಮಣ್ಣಿನಲ್ಲೇ ಆಗಲಿ. ಪ್ರವೀಣ, ಅಗಿ."

ಅವಳ ಹಟ ಯಾರಿಗೂ ತಪ್ಪಾಗಿ ಕಾಣಲಿಲ್ಲ. ಆ ಕಡೆಯಲ್ಲಿ ಗೇಣು ಜಾಗ ಇದ್ದವನೂ ತನ್ನ ಜಾಗದಲ್ಲೇ ಹೊಂಡ ತೋಡಿಸಿಕೊಂಡು, ಮಾವಿನ ಕಟ್ಟಿಗೆಯಲ್ಲಿ ಉರಿದು ಹೋಗಬೇಕು. ಸ್ಮಶಾನಕ್ಕೆ ಹೋಗುವುದು ಬಾಡಿಗೆ ಮನೆಯವರು, ಊರು ಬಿಟ್ಟು ಬಂದವರು. ಗಂಡ ಅಂಗಾರ ಸತ್ತಾಗ ಸುಂದರಿ ಅವನನ್ನು ಅಲ್ಲಿಗೆ ಕಳಿಸಿದಳು. ಕೇರಿಯ ಜನರ ಬಾಯಿ ಸುಮ್ಮನಿರುತ್ತದಾ? ಹೆಣ ಸುಟ್ಟ ಜಾಗವನ್ನು ಯಾರೂ ಕೊಳ್ಳುವುದಿಲ್ಲ, ಕಾಂಪ್ಲೆಕ್ಸಿನವರಿಗೆ ಮಾರುವ ಆಸೆಗೆ ಹೀಗೆ ಮಾಡಿದಳು ಎಂದರು. ಆ ಮಾತು ಕಾಪುವಿನವರೆಗೂ ಹೋಯಿತು. ವಿನೋದಾ ಅದನ್ನು ನಂಬಿದಳು. ನಂಬಿ, ತೌರಿಗೆ ಬರುವುದನ್ನೇ ಬಿಟ್ಟಳು.

*

ವಿನೋದಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಹೆಣ್ಣುಮಗು ಬೆಳೆಯುತ್ತಿದೆ, ಒಂದು ಕಕ್ಕಸು ಆಗಲೇಬೇಕು ಎಂದು ಅಂಗಾರ ಗುಂಡಿಗೆ ಇಳಿಸುವ ಸಿಮೆಂಟಿನ ಎರಡು ರಿಂಗು ತಂದ. ಮಕ್ಕಳು ಅಜ್ಜಿಯ ಮನೆಗೆ ಹೋಗಿದ್ದ ದಿನ ಗಂಡ ಹೆಂಡತಿ ಸೇರಿ ಅಗೆದರು. ಅಗೆಯುತ್ತಾ ಒಂದು ರಿಂಗನ್ನು ಇಳಿಸಿಯೂ ಆಯಿತು. ಎದೆಯ ಮಟ್ಟಕ್ಕೆ ಬಂದಾಗ ಹಾರೆ ಕಲ್ಲಿಗೆ ಬಡಿಯಿತು. ಮಣ್ಣು ಸರಿಸಿದರೆ ಕರಿ ಕಲ್ಲಿನ ನುಣ್ಣನೆಯ ಮೆಟ್ಟಿಲು, ಅಂಚಿನಲ್ಲಿ ಸಾಲಾಗಿ ತಾವರೆಯ ಎಸಳು.

ಅರಸರ ಅರಮನೆ ಪೇಟೆಯ ಕೆಳಗೆ ಎಲ್ಲೋ ಹೂತುಹೋಗಿದೆ ಎಂದು ಹಳಬರು ಹೇಳುವುದನ್ನು ಇಬ್ಬರೂ ಕೇಳಿದ್ದರು. ಎಲ್ಲಿ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಂಗಾರ ಹೊಂಡದೊಳಗೇ ಕೂತುಬಿಟ್ಟ. ಹಿಂದೆ ಘಟ್ಟದ ಮೇಲೆ ಒಂದು ಹಳೆ ಕೋಟೆ ಅಗೆಯುವ ಕೂಲಿಗೆ ಹೋಗಿದ್ದವನು ಅವನು.

"ಸುಂದರಿ, ಅಲ್ಲಿ ಕಲ್ಲು ಸಿಕ್ಕಿದ ಮೇಲೆ ಸುತ್ತಲಿನ ಮನೆಗಳನ್ನೆಲ್ಲ ಎಬ್ಬಿಸಿದರು. ನಾನೇ ಅವರ ಪಾತ್ರೆ ಹೊರಗೆ ಇಟ್ಟದ್ದು. ಪಟ್ಟಾ ಇದ್ದವರನ್ನೂ ಬಿಡಲಿಲ್ಲ. ಆಮೇಲೆ ಅವರು ಎಲ್ಲಿ ಹೋದರೋ ಗೊತ್ತಿಲ್ಲ."

ಬೀಡಿ ಕಟ್ಟಿ, ಯಾರ್‍ಯಾರದೋ ಜಗಲಿಯಲ್ಲಿ ಬಾಡಿಗೆಗಿದ್ದು, ಕೊನೆಗೆ ಈ ಐದು ಸೆಂಟ್ಸಿಗೆ ಬಂದು ಬಿದ್ದವಳು ಸುಂದರಿ. ಅವಳಿಗೆ ಮೈಯೆಲ್ಲ ಉರಿಯಿತು.

"ಅರಸರು ಎದ್ದು ಹೋದರು ಅಂತ ನಾವೂ ಏಳಬೇಕಾ? ಮುಚ್ಚಿ."

"ರಿಂಗು?"

"ಅದನ್ನು ಎತ್ತುತ್ತಾ ಕೂತರೆ ಕತ್ತಲೆಯಾಗುತ್ತದೆ. ಮೊದಲು ಮುಚ್ಚಿ. ಮಕ್ಕಳಿಗೂ ಹೇಳುವುದು ಬೇಡ, ಅವರ ಬಾಯಿಗೆ ಬೀಗ ಹಾಕಲಿಕ್ಕೆ ಆಗುವುದಿಲ್ಲ."

ಉಳಿದ ಒಂದು ರಿಂಗು ವರ್ಷಗಟ್ಟಲೆ ಗೋಡೆಗೆ ಒರಗಿಕೊಂಡಿತ್ತು. ಇನ್ನೊಂದು ಎಲ್ಲಿ ಎಂದು ವಿನೋದಾ ಕೇಳಿದರೆ, ಯಾರೋ ಕದ್ದರು ಎಂದಳು ಸುಂದರಿ.

ರಸ್ತೆಗೆ ಒಳಚರಂಡಿ ಬರುವವರೆಗೂ ಇಡೀ ಮನೆ ಬರ್ತಾ ಬಾಯಿಯ ಕಕ್ಕಸಿಗೇ ಹೋಗುತ್ತಿತ್ತು. ಒಳಗೆ ಯಾರಾದರೂ ಇದ್ದರೆ ಚೆಂಬು ಹಿಡಿದು ಹಿತ್ತಲ ಬಾಗಿಲಲ್ಲಿ ಕಾಯಬೇಕು. ಮೈನೆರೆದ ವರ್ಷ ಒಮ್ಮೆ, ಬಾಯಿಯ ಮನೆಯಲ್ಲಿ ಕ್ರಿಸ್ಮಸ್ ನೆಂಟರು ತುಂಬಿದ್ದಾಗ, ಲಂಗ ಒದ್ದೆಯಾಗಿ ವಿನೋದಾ ಗಂಡಸರ ಎದುರಿಗೇ ನಿಂತಿದ್ದಳು. ಮನೆಗೆ ಬಂದು ಅಮ್ಮನ ಬೀಡಿಯ ಮೊರವನ್ನು ಒದ್ದಳು.

"ನಿನಗೆ ಮಗಳಿಗಿಂತ ಮಣ್ಣೇ ಹೆಚ್ಚಾ?"

ಸುಂದರಿ ಚೆಲ್ಲಿದ ಎಲೆಗಳನ್ನು ಒಂದೊಂದಾಗಿ ಹೆಕ್ಕಿದಳು. ಅಷ್ಟು ಹೊತ್ತೂ ಅಂಗಾರ ಹೆಂಡತಿಯ ಮುಖ ನೋಡಲಿಲ್ಲ.

*

ಪ್ರವೀಣ ಎದೆಯ ಮಟ್ಟದ ಹೊಂಡದೊಳಗಿನಿಂದ ತಲೆ ಎತ್ತಿದ.

"ಕರುಣಾಕರಣ್ಣ, ಇಲ್ಲಿ ಎಂತದೋ ಉಂಟು."

ಅಷ್ಟು ಆಳ ಬೇಕಿರಲಿಲ್ಲ. ಮೇಲೆ ಗಟ್ಟಿಯಾಗಿದ್ದ ಮಣ್ಣು ಒಂದು ಕಡೆ ಸಡಿಲ ಸಿಕ್ಕಿತೆಂದು ಅವನು ಹುಮ್ಮಸ್ಸಿನಲ್ಲಿ ಇಳಿಯುತ್ತಾ ಹೋಗಿದ್ದ. ಕರುಣಾಕರ ಇಳಿದು ಅಂಗೈಯಲ್ಲಿ ಒರೆಸಿದ. ತಾವರೆಯ ಎಸಳು ಕಂಡಿತು. ಹೆಣದ ಹತ್ತಿರ ಕೂತಿದ್ದವರೆಲ್ಲ ಎದ್ದು ಬಂದು ಹೊಂಡದ ಸುತ್ತ ನಿಂತರು. ಸುಂದರಿಯ ಹತ್ತಿರ ಬರ್ತಾ ಬಾಯಿ ಒಬ್ಬರೇ ಉಳಿದರು.

"ಅಯ್ಯೋ ದೇವರೇ, ಅರಮನೆ ಮಾರಾಯ ಇದು!" ಎಂದು ಕೂಗಿದ ಪ್ರವೀಣ, ಮಣ್ಣಿನ ಕೈಯಲ್ಲೇ ಮೊಬೈಲು ತೆಗೆದು ಫೋಟೋ ಹೊಡೆದು ಊರಿನ ಗ್ರೂಪಿಗೆ ಕಳಿಸಿಯೇ ಬಿಟ್ಟ. ಪಾಪ, ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಬುದ್ಧಿಯೇ ಇರಲಿಲ್ಲ.

ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ಧನರಾಜ್ ಕರುಣಾಕರನ ಹೆಗಲು ಹಿಡಿದು ಪಕ್ಕಕ್ಕೆ ಕರೆದ. "ಬೇಜಾರು ಮಾಡಬೇಡ. ಇನ್ನು ಇಲ್ಲಿ ಚಿತೆ ಗಿತೆ ಆಗುವುದಿಲ್ಲ. ಸರಕಾರಕ್ಕೆ ತಿಳಿಸದಿದ್ದರೆ ಕೇಸು ಬೀಳುತ್ತದೆ. ತಿಳಿಸಿದರೆ..."

"ತಿಳಿಸಿದರೆ?"

"ಮನೆ ಉಳಿಯುವುದು ಕಷ್ಟ ಉಂಟು."

ವಿನೋದಾ ಅವರ ಮಾತು ಕೇಳುತ್ತಿರಲಿಲ್ಲ. ಹೊಂಡದ ಒಂದು ಬದಿಯಲ್ಲಿ, ಅರಸರ ಮೆಟ್ಟಿಲಿನ ಮೇಲೆ ಕೂತಿದ್ದ ಸಿಮೆಂಟಿನ ರಿಂಗನ್ನು ನೋಡುತ್ತಿದ್ದಳು. ಕದ್ದುಹೋದ ರಿಂಗು. ಅಪ್ಪ ಇವಳಿಗೋಸ್ಕರ ತಂದದ್ದು, ಅರ್ಧ ಇಳಿಸಿದ್ದು, ಮಣ್ಣು ಮುಚ್ಚಿದ್ದು. ಅಪ್ಪ ಯಾಕೆ ಸ್ಮಶಾನಕ್ಕೆ ಹೋದ, ಅಮ್ಮ ಯಾಕೆ ಬೈಗುಳ ನುಂಗಿಕೊಂಡು ಕೂತಳು, ಎಲ್ಲವೂ ಅವಳಿಗೆ ಒಟ್ಟಿಗೇ ತಿಳಿಯಿತು. ಈ ಮನೆಯನ್ನು ಉಳಿಸಿದವಳು ಒಳಗೆ ಮಲಗಿದ್ದಾಳೆ. ಕಳೆದವಳು ತಾನು.

"ಮುಚ್ಚಿ," ಎಂದಳು. ಯಾರೂ ಅಲ್ಲಾಡಲಿಲ್ಲ. "ಮುಚ್ಚಿ ಅಂದೆನಲ್ಲ!" ಎಂದು ಕಿರುಚಿ, ಮೊಣಕಾಲೂರಿ, ಎರಡೂ ಕೈಯಲ್ಲಿ ಮಣ್ಣು ಬಾಚಿ ಹಾಕತೊಡಗಿದಳು.

"ಅಕ್ಕ, ಊರಿಗೆಲ್ಲ ಗೊತ್ತಾಗಿ ಆಯಿತು," ಎಂದ ಕರುಣಾಕರ.

"ಆಗಲಿ. ಅಮ್ಮ ಹೇಳಿದ ಕಡೆಗೇ ಕೊಂಡುಹೋಗುವ. ಗಾಡಿಗೆ ಹೇಳು."

ಕರುಣಾಕರನೂ ಪ್ರವೀಣನೂ ಸೇರಿ ಮುಚ್ಚಿದರು. ಗಾಡಿಯಲ್ಲಿ ವಿನೋದಾ ಅಮ್ಮನ ಪಾದ ಹಿಡಿದು ಕೂತಳು. ಬೀಡಿ ಕಟ್ಟುತ್ತಾ ಮಡಚಿ ಮಡಚಿ ಸೊಟ್ಟಗಾದ ಕಾಲು ಅದು.

"ಒಂದು ಮಾತು ಹೇಳಬಾರದಿತ್ತಾ ಅಮ್ಮ?" ಎಂದು ಅತ್ತಳು. "ನಾನು ನಿನ್ನನ್ನು ಎಷ್ಟು ದ್ವೇಷ ಮಾಡಿದೆ ಗೊತ್ತುಂಟಾ?"

ಎದುರು ಕೂತಿದ್ದ ಬರ್ತಾ ಬಾಯಿ ಜಪಸರ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

ಎಲ್ಲ ಮುಗಿಸಿ, ಸ್ಮಶಾನದ ನಳ್ಳಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು ತಿರುಗಿ ಬರುವಾಗ ಸಂಜೆಯಾಗಿತ್ತು. ಗಾಡಿ ಮನೆಯವರೆಗೆ ಹೋಗಲಿಲ್ಲ. ಓಣಿಯ ತುಂಬ ಬೈಕುಗಳು. ಗೇಟು ತೆರೆದಿತ್ತು. ಗಿಡದ ಡಬ್ಬಿಗಳನ್ನು ಯಾರೋ ಒಂದು ಮೂಲೆಗೆ ಎಳೆದು ಹಾಕಿದ್ದರು. ಮುಚ್ಚಿದ ಹೊಂಡವನ್ನು ಮತ್ತೆ ತೆರೆದು, ಮೊದಲಿಗಿಂತ ಅಗಲ ಮಾಡಿ, ಮೆಟ್ಟಿಲನ್ನು ನೀರು ಹಾಕಿ ತೊಳೆದಿದ್ದರು. ಮೇಲೆ ಅರಿಶಿನ ಕುಂಕುಮವೂ ಬಿದ್ದಿತ್ತು. ರಿಂಗು ಒಡೆದು ಚೂರಾಗಿ ಮಣ್ಣಿನ ರಾಶಿಯ ಮೇಲಿತ್ತು. ಗೇಟಿನಿಂದ ಹೊಂಡದವರೆಗೆ ಜನ ಸಾಲಾಗಿ ನಿಂತಿದ್ದರು.

ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು, ಒದ್ದೆ ಸೀರೆಯಲ್ಲಿ ಒಳಗೆ ನುಗ್ಗಲು ಹೋದ ವಿನೋದಾಳನ್ನು ತಡೆದಳು.

"ಲೈನಿನಲ್ಲಿ ಬನ್ನಿ ಅಕ್ಕ. ನಾವೆಲ್ಲ ನೋಡಲಿಕ್ಕೇ ಬಂದದ್ದು ಅಲ್ವಾ?"

ಹಿಂದಿನಿಂದ ಕರುಣಾಕರ "ಅಕ್ಕ" ಎಂದು ಕರೆದ. ವಿನೋದಾ ತಿರುಗದೆ ಆ ಹೆಂಗಸಿನ ಹಿಂದೆ ನಿಂತಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಅವಳೂ ಸರಿದಳು.